ಗೆರೆ ನೆಟ್ಟಗಾದ ದಿನ

ಬೆಳಿಗ್ಗೆ ಒಂಬತ್ತಕ್ಕೆ ಪ್ರಯೋಗಶಾಲೆಯ ಬೀಗ ತೆಗೆದು, ಕಿಟಕಿ ತೆರೆದು, ಹಳೆಯ ಆಸಿಲೋಸ್ಕೋಪಿನ ಗುಂಡಿ ತಿರುಗಿಸಿದ ಓರೆ ಮೇಷ್ಟ್ರ ಎದೆ ಧಸಕ್ಕೆಂದಿತು. ಯಂತ್ರ ಸರಿಯಾಗಿತ್ತು.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ವಾಲಿದ ತಲೆಯನ್ನು ಗಲ್ಲ ಹಿಡಿದು ನೆಟ್ಟಗೆ ನಿಲ್ಲಿಸಿಕೊಂಡು ಇನ್ನೊಮ್ಮೆ ನೋಡಿದರು. ಗುಂಡಗಿನ ಗಾಜಿನ ಮೇಲೆ ಹಸಿರು ಗೆರೆ ಆ ತುದಿಯಿಂದ ಈ ತುದಿಯವರೆಗೆ, ಅಡಿಪಟ್ಟಿ ಇಟ್ಟು ಎಳೆದಂತೆ ಮಲಗಿತ್ತು. ಆರು ವರ್ಷದಲ್ಲಿ ಒಂದು ದಿನವೂ ನೆಟ್ಟಗಿರದಿದ್ದ ಗೆರೆ, ನೆಟ್ಟಗಾಗಲು ಇವತ್ತಿನ ದಿನವನ್ನೇ ಆರಿಸಿಕೊಂಡಿತ್ತು.

ತಂತಿಯೊಳಗೆ ಹರಿಯುವ ವಿದ್ಯುತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಏರುವುದು, ಇಳಿಯುವುದು, ನಡುಗುವುದು ಎಲ್ಲವನ್ನೂ ಬೆಳಕಿನ ಗೆರೆಯಾಗಿ ಬರೆದು ತೋರಿಸುವುದು ಆಸಿಲೋಸ್ಕೋಪಿನ ಕೆಲಸ. ಈ ತಾಂತ್ರಿಕ ಕಾಲೇಜಿನಲ್ಲಿದ್ದದ್ದು ಟ್ರಂಕಿನಷ್ಟು ದೊಡ್ಡದು, ಟ್ರಂಕಿಗಿಂತ ಭಾರ, ಮುಖದ ತುಂಬ ಗುಂಡಿಗಳು. ಬೇರೆ ಕಾಲೇಜಿನವರು ಬೇಡವೆಂದು ಕಳಿಸಿದ ಈ ಯಂತ್ರ, ಮೇಷ್ಟ್ರು ಕೆಲಸಕ್ಕೆ ಸೇರಿದ ವಾರವೇ ಬಂದಿಳಿದಿತ್ತು. ಕಾಲೇಜಿನ ಯಂತ್ರಗಳಲ್ಲೆಲ್ಲ ಅದಕ್ಕೇ ಹೆಚ್ಚು ವಯಸ್ಸಾದ್ದರಿಂದ ಎಲ್ಲರೂ ಅದನ್ನು ದೊಡ್ಡಪ್ಪ ಎನ್ನುತ್ತಿದ್ದರು.

ಇಪ್ಪತ್ತೈದು ವರ್ಷ ದೊಡ್ಡಪ್ಪ ತಕರಾರಿಲ್ಲದೆ ದುಡಿದ. ಆಮೇಲೆ ಒಂದು ದಿನ ಗೆರೆ ಓರೆಯಾಯಿತು. ಎಡಗಡೆ ತಗ್ಗು, ಬಲಗಡೆ ಉಬ್ಬು, ತುದಿಯಲ್ಲಿ ಮೀಸೆ ತಿರುವಿದಂತೆ ಒಂದು ಕೊಂಕು. ಮೇಷ್ಟ್ರು ಮಾಡದ ಚಿಕಿತ್ಸೆಯಿಲ್ಲ. ಒಳಗಿನ ಗಾಜಿನ ವಾಲ್ವುಗಳನ್ನು ಬದಲಿಸಿದರು. ಗುಂಡಿಗಳ ಬುಡವನ್ನೆಲ್ಲ ಸ್ಪಿರಿಟ್ಟಿನಲ್ಲಿ ತೊಳೆದರು. ಗೆರೆ ಬರೆಯುವ ದೊಡ್ಡ ಗಾಜಿನ ನಾಳವನ್ನೇ ಒಂಚೂರು ತಿರುಗಿಸಿ ನೋಡಿದರು. ಮಧ್ಯ ನೆಟ್ಟಗಾಗಿ ಎರಡು ತುದಿಗಳೂ ಬಿಲ್ಲಿನಂತೆ ಬಾಗಿದ್ದರಿಂದ ಮೊದಲಿದ್ದ ಜಾಗಕ್ಕೇ ತಂದು ಕೆಂಪು ಬಣ್ಣದಲ್ಲಿ ಗುರುತು ಹಾಕಿಟ್ಟರು. ದಿಕ್ಕಿನ ದೋಷವೋ ಏನೋ ಎಂದು ಮೇಜನ್ನು ನಾಲ್ಕು ದಿಕ್ಕಿಗೂ ತಿರುಗಿಸಿದ್ದರು. ದೊಡ್ಡಪ್ಪನ ಜೊತೆ ಅವನ ತಲೆಯ ಮೇಲಿನ ಸಾಮಾನೂ ಒಂದು ಸುತ್ತು ಬಂದಿತ್ತೇ ಹೊರತು ಗೆರೆ ಜಪ್ಪಯ್ಯ ಎಂದಿರಲಿಲ್ಲ.

ಹೀಗಾಗಿ ಈ ಕಾಲೇಜಿನ ಮಕ್ಕಳು ಪ್ರಯೋಗದ ಪುಸ್ತಕದಲ್ಲಿ ಬರೆದ ಅಲೆಗಳೆಲ್ಲ ಗುಡ್ಡ ಹತ್ತುತ್ತಿದ್ದವು. ಹೊರಗಿನ ಪರೀಕ್ಷಕರು ಮೊದಮೊದಲು ಕೆಂಪು ಗೀಟು ಎಳೆಯುತ್ತಿದ್ದರು. ಈಗೀಗ "ಓ, ಆ ಕಾಲೇಜಿನವರಾ" ಎಂದು ಅಂಕ ಕೊಟ್ಟು ಕಳಿಸುತ್ತಿದ್ದರು. ಮೇಷ್ಟ್ರ ಕತ್ತು ಕೂಡ ಗೆರೆಗೆ ತಕ್ಕಂತೆ ಎಡಕ್ಕೆ ವಾಲಿ ಹಾಗೇ ನಿಂತುಹೋಗಿತ್ತು. ಓರೆ ಮೇಷ್ಟ್ರು ಎಂಬ ಹೆಸರು ಬಂದದ್ದು ಅದರಿಂದ. ಅದರಲ್ಲಿ ಕುಹಕಕ್ಕಿಂತ ಪ್ರೀತಿಯೇ ಹೆಚ್ಚಾಗಿದ್ದುದರಿಂದ ಅವರೂ ಓಗೊಡುತ್ತಿದ್ದರು.

ಹೊಸ ಯಂತ್ರ ಬೇಕೆಂದು ಅವರು ತಾಂತ್ರಿಕ ಶಿಕ್ಷಣ ಕಚೇರಿಗೆ ಏಳು ಅರ್ಜಿ ಬರೆದಿದ್ದರು. ಆರಕ್ಕೆ ಉತ್ತರವಿಲ್ಲ. ಏಳನೆಯದಕ್ಕೆ ಹೋದ ವಾರ ಉತ್ತರ ಬಂದಿತ್ತು. ಪರಿಶೀಲಕರು ಮಧ್ಯಾಹ್ನ ಮೂರಕ್ಕೆ ಬರುತ್ತಾರೆ, ದೋಷವನ್ನು ಕಣ್ಣಾರೆ ಕಂಡರೆ ಹೊಸದನ್ನು ಮಂಜೂರು ಮಾಡುತ್ತಾರೆ, ಕಾಣದಿದ್ದರೆ ಈ ವಿಷಯ ಮತ್ತೆ ಎತ್ತತಕ್ಕದ್ದಲ್ಲ. ಆ ಮೂರು ಗಂಟೆ ಇವತ್ತಿನ ಮೂರು ಗಂಟೆ.

ಮೇಷ್ಟ್ರಿಗೆ ನಿವೃತ್ತಿಗೆ ಇನ್ನು ಎಂಟು ತಿಂಗಳು. ಮೂವತ್ತೊಂದು ವರ್ಷದ ಕೆಲಸದಲ್ಲಿ ಅವರ ಕೈಗೆ ಬಂದ ವಸ್ತುಗಳೆಲ್ಲ ಇನ್ನೊಬ್ಬರು ಉಟ್ಟು ಬಿಟ್ಟವು. ಒಂದೇ ಒಂದು ಸಲ ಹೊಸ ಪೆಟ್ಟಿಗೆಯ ಅಂಟುಪಟ್ಟಿಯನ್ನು ತಾವೇ ಕತ್ತರಿಸಿ, ಆ ಹೊಸ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡು, ಮಕ್ಕಳನ್ನು ಕರೆದು "ನೋಡ್ರಪ್ಪಾ, ಅಲೆ ಅಂದ್ರೆ ಇದು" ಎಂದು ತೋರಿಸಬೇಕು. ಅಷ್ಟೇ ಅವರ ಆಸೆ. ಅವರ ಹೆಂಡತಿಗೂ ಒಂದು ಆಸೆಯಿತ್ತು.

"ಯಂತ್ರ ಅವರಿಗಿರ್ಲಿ, ರಟ್ಟಿನ ಪೆಟ್ಟಿಗೆ ಮಾತ್ರ ಮನೆಗೆ ತನ್ನಿ," ಎಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿ ಕಳಿಸಿದ್ದರು. "ರಜಾಯಿಗಳನ್ನ ಇಡೋಕೆ ಜಾಗ ಇಲ್ಲ. ಅಟ್ಟದ ಮೇಲೆ ಅಳತೆ ತೆಗೆದಿಟ್ಟಿದ್ದೀನಿ."

ಈಗ ಮೇಷ್ಟ್ರು ನೆಟ್ಟಗಿನ ಗೆರೆಯ ಮುಂದೆ ಸ್ಟೂಲಿನ ಮೇಲೆ ಕುಸಿದು ಕುಳಿತರು.

"ಹೇಗಿದೆ ಮೇಷ್ಟ್ರೇ?" ಗುಡಿಸುವ ಅಜ್ಜಿ ಪೊರಕೆ ಹಿಡಿದು ಒಳಗೆ ಬಂದರು. ನಲವತ್ತು ವರ್ಷದಿಂದ ಆ ಕಟ್ಟಡದ ಕಸ ಹೊಡೆದವರು. ಯಾರ ಮುಖದಲ್ಲಿ ಎಷ್ಟು ಧೂಳಿದೆ ಎಂಬುದೂ ಅವರಿಗೆ ತಿಳಿಯುತ್ತಿತ್ತು. "ಮೇಜು ಹೇಗಿದೆ ಅಂತ ಕೇಳ್ತಿದ್ದೀನಿ. ನೆಂಟರು ಬರೋ ದಿನ ಅಂತ ನಿನ್ನೆ ಸಂಜೆ ಒಂದು ಗಂಟೆ ಹೆಚ್ಚಿಗೆ ಕೂತು ಒರೆಸಿದೆ."

ಆಗಲೇ ಮೇಷ್ಟ್ರ ಗಮನ ಮೇಜಿನ ಮೇಲೆ ಹೋದದ್ದು. ಮೇಜು ತೊಳೆದ ತಟ್ಟೆಯಂತಿತ್ತು. ದೊಡ್ಡಪ್ಪನ ತಲೆಯ ಮೇಲೆ ಅಂಚು ಹೆಣೆದ ಬಿಳಿಯ ವಸ್ತ್ರ ಹಾಸಿತ್ತು.

"ಇಲ್ಲಿದ್ದ ಸಾಮಾನೆಲ್ಲ ಎಲ್ಲಿ ಅಜ್ಜೀ?"

"ಎಲ್ಲಾ ಬೀರುವಿನಲ್ಲಿ ಭದ್ರವಾಗಿದೆ. ಕಿವಿ ಮುರಿದ ಲೋಟ, ಬೆಸುಗೆ ತಂತಿ, ಕನ್ನಡಕದ ಗೂಡು, ನಿಮಗೆ ಬಹುಮಾನ ಬಂದಿತ್ತಲ್ಲ ಆ ಗುಂಡುಸೂಜಿ ಡಬ್ಬಿ, ಒಂಟಿ ಕೈಗವಸು. ಅಯ್ಯೋ, ಅತಿಥಿಗಳ ಮುಂದೆ ಆ ಒಂಟಿ ಕೈಗವಸು ಇಡೋಕಾಗುತ್ತಾ? ಆ ವಸ್ತ್ರ ನನ್ನದೇ. ಮಗಳಿಗೆ ಅಂತ ಹೆಣೆದದ್ದು, ಒಂದು ದಿನ ದೊಡ್ಡಪ್ಪನ ಮೇಲಿರ್ಲಿ ಬಿಡಿ."

ಮೇಷ್ಟ್ರು ವಸ್ತ್ರದ ಅಂಚನ್ನು ಬೆರಳಿನಿಂದ ಸವರಿದರು. "ತುಂಬಾ ಚೆನ್ನಾಗಿದೆ ಅಜ್ಜೀ," ಎಂದರು. ನಿಜಕ್ಕೂ ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುವ ಯಂತ್ರಕ್ಕೆ ಬದಲಿ ಕೊಡುವವರು ಯಾರು?

ಅವರು ದೊಡ್ಡಪ್ಪನ ಹಿಂಬದಿಯ ಹೊದಿಕೆ ಬಿಚ್ಚಿ ಒಳಗೆ ಹುಡುಕಿದರು. ಯಂತ್ರ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ಅವರಿಗೆ ಗೊತ್ತಿತ್ತು. ಎಲ್ಲಿ ಸರಿಯಾಗಿದೆ ಎಂದು ಹುಡುಕುವುದು ಇದೇ ಮೊದಲು. ವಾಲ್ವುಗಳೆಲ್ಲ ಸಂಜೆಯ ಬೀದಿದೀಪಗಳಂತೆ ಸಾಲಾಗಿ ಉರಿಯುತ್ತಿದ್ದವು. ಪೆನ್ಸಿಲಿನ ಹಿಂದಿನ ರಬ್ಬರಿನಿಂದ ಒಂದೊಂದನ್ನೂ ತಟ್ಟಿದರು. ಗೆರೆ ಅಲುಗಲಿಲ್ಲ. ವೋಲ್ಟೇಜು ಅಳೆದರು, ಪುಸ್ತಕದಲ್ಲಿ ಬರೆದಷ್ಟೇ ಇತ್ತು. ಬಿಸಿಯೇರಿದರೆ ಹಳೆಯ ಗುಣ ಬಂದೀತೆಂದು ಹೊದಿಕೆ ಮುಚ್ಚಿ, ತಮ್ಮ ಸ್ವೆಟರನ್ನು ಅದಕ್ಕೆ ತೊಡಿಸಿ ಅರ್ಧ ಗಂಟೆ ಕಾದರು. ದೊಡ್ಡಪ್ಪ ಬೆಚ್ಚಗಾಗಿ ಗೆರೆ ಇನ್ನಷ್ಟು ಸಣ್ಣಗೆ, ಇನ್ನಷ್ಟು ಚೊಕ್ಕವಾಗಿ ಹೊಳೆಯಿತು.

ಅಷ್ಟರಲ್ಲಿ ಮರಗೆಲಸದ ವಿಭಾಗದ ಬಡಗಿ ಮೇಷ್ಟ್ರು ಬಂದರು. ಪಕ್ಕದ ಕೋಣೆಯವರು. ದೊಡ್ಡ ದನಿ, ದೊಡ್ಡ ಕೈ, ಸಹಾಯ ಎಂದರೆ ಕರೆಯುವ ಮೊದಲೇ ಹಾಜರು.

"ಏನ್ರೀ ಇದು, ಯಂತ್ರಕ್ಕೆ ಜ್ವರಾನಾ?"

"ಜ್ವರ ಬಂದಿದ್ರೆ ಸಂತೋಷ ಪಡ್ತಿದ್ದೆ. ವಾಸಿಯಾಗ್ಬಿಟ್ಟಿದೆ."

ಬಡಗಿ ಮೇಷ್ಟ್ರು ಬಗ್ಗಿ ನೋಡಿ ಸಿಳ್ಳೆ ಹಾಕಿದರು. "ನಾಯಿ ಬಾಲ ನೆಟ್ಟಗಾಯ್ತಲ್ರೀ. ಸರಿಯಿರಿ, ನಾನು ನೋಡ್ತೀನಿ." ನೋಡುವುದು ಎಂದರೆ ಅವರಿಗೆ ಗುದ್ದುವುದು. ದೊಡ್ಡಪ್ಪನ ಎಡಪಕ್ಕೆಗೆ ಒಂದು, ಬಲಪಕ್ಕೆಗೆ ಒಂದು ಬಿತ್ತು. ಗೆರೆ ಒಮ್ಮೆ ಬೆಚ್ಚಿ, ಮತ್ತೆ ಮೇಷ್ಟ್ರ ಮುಂದೆ ಕೈಕಟ್ಟಿ ನಿಂತ ಹುಡುಗನ ಹಾಗೆ ನೆಟ್ಟಗಾಯಿತು.

"ಗುದ್ದಿದಷ್ಟೂ ನೆಟ್ಟಗಾಗ್ತಿದೆ," ಎಂದರು ಓರೆ ಮೇಷ್ಟ್ರು.

"ಹಾಗಾದ್ರೆ ಒಂದು ಕೆಲ್ಸ ಮಾಡಿ. ಆ ಗಾಜಿನ ನಾಳ ತಿರುಗಿಸಿದ್ರೆ ಗೆರೆ ಓರೆಯಾಗುತ್ತೆ ಅಂದಿದ್ರಲ್ಲ, ಒಂದೇ ಒಂದು ಕೂದಲೆಳೆಯಷ್ಟು ತಿರುಗಿಸಿ. ಯಾರಿಗ್ರೀ ಗೊತ್ತಾಗುತ್ತೆ?"

ಓರೆ ಮೇಷ್ಟ್ರು ಆ ಕೆಂಪು ಗುರುತನ್ನು ನೋಡಿದರು. ಒಂದು ತಿರುವು, ಹೊಸ ಯಂತ್ರ. ಅಂಟುಪಟ್ಟಿ, ವಾಸನೆ, ಮಕ್ಕಳ ಮುಖ, ಅಟ್ಟದ ಮೇಲಿನ ರಜಾಯಿ. ಕೈ ಸ್ಕ್ರೂಡ್ರೈವರಿನವರೆಗೂ ಹೋಗಿ ಹಿಂದಕ್ಕೆ ಬಂತು.

"ಬೇಡ. ದೋಷ ಯಂತ್ರದ್ದಾಗಿರ್ಬೇಕು. ನನ್ನ ಕೈಯದಾಗ್ಬಾರ್ದು."

"ಒಳ್ಳೆಯವರ ಸಹವಾಸ ಕಷ್ಟ," ಎಂದು ಬಡಗಿ ಮೇಷ್ಟ್ರು ತಮ್ಮ ಕೋಣೆಗೆ ಹೋದರು. ಹತ್ತು ನಿಮಿಷಕ್ಕೆ ಚೆನ್ನಾಗಿ ನುಣುಪು ಮಾಡಿದ ಮರದ ಬೆಣೆಯೊಂದನ್ನು ತಂದು ದೊಡ್ಡಪ್ಪನ ಬಲಗಾಲಿನ ಅಡಿಗೆ ತೂರಿಸಿದರು. ಈಗ ಗೆರೆಯೂ ಓರೆ, ಯಂತ್ರವೂ ಓರೆ, ಮೇಲಿನ ವಸ್ತ್ರವೂ ಓರೆ. "ನಾಳ ಮುಟ್ಟಿಲ್ಲ ನೋಡಿ. ಬರೀ ನೆಲ ಎತ್ತಿದ್ದೀನಿ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ತೆಗೀರಿ ಮಾರಾಯ್ರೆ."

ಹನ್ನೊಂದಕ್ಕೆ ಪ್ರಾಂಶುಪಾಲರು ಬಂದರು. ಕೈಯಲ್ಲಿ ಪರಿಶೀಲಕರಿಗೆಂದು ತರಿಸಿದ ಹೂಗುಚ್ಛ. ಹೊಸ ಯಂತ್ರದ ಉದ್ಘಾಟನೆಯ ಭಾಷಣವನ್ನೂ ಅವರು ಆಗಲೇ ಬರೆದು, ಎರಡು ಸಲ ಕನ್ನಡಿಯ ಮುಂದೆ ಓದಿ ಮುಗಿಸಿದ್ದರು. ಸಂಗತಿ ತಿಳಿದು ಅವರ ಮುಖ ಹೂಗುಚ್ಛಕ್ಕಿಂತ ಮೊದಲೇ ಬಾಡಿತು.

"ನೋಡಿ ಮೇಷ್ಟ್ರೇ, ನಾನು ನಿಮ್ಮ ಕೆಲಸದಲ್ಲಿ ಎಂದಾದ್ರೂ ತಲೆ ಹಾಕಿದ್ದೀನಾ? ಇಲ್ಲ. ಇವತ್ತು ಹಾಕ್ತಿದ್ದೀನಿ. ಮೂರು ಗಂಟೆ ಹೊತ್ತಿಗೆ ಈ ಯಂತ್ರ ಕೆಟ್ಟಿರಬೇಕು. ಇದು ಆದೇಶ."

"ಲಿಖಿತವಾಗಿ ಕೊಡ್ತೀರಾ ಸಾರ್?" ಎಂದರು ಬಡಗಿ ಮೇಷ್ಟ್ರು ಮುಗ್ಧವಾಗಿ. ಪ್ರಾಂಶುಪಾಲರು ಕೇಳಿಸದವರ ಹಾಗೆ ಹೊರಟುಹೋದರು.

ಮಧ್ಯಾಹ್ನದ ವಿರಾಮಕ್ಕೆ ಸುದ್ದಿ ಕಾಲೇಜಿಗೆಲ್ಲ ಹಬ್ಬಿತು. ಇಂಥ ಸಮಯದಲ್ಲಿ ಯಾರೂ ಬರಿಗೈಲಿ ಬರುವುದಿಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಸಲಹೆ. ಬೆರಳಚ್ಚಿನವರು ನೀರು ಚಿಮುಕಿಸಿ ಎಂದರು. ಗ್ರಂಥಾಲಯದವರು ಅದಕ್ಕೆ ಬೈಯಿರಿ, ಬೈದರೆ ಯಾವ ಯಂತ್ರವೂ ಕೆಲಸ ಬಿಡುತ್ತದೆ, ನಮ್ಮ ಫ್ಯಾನು ಹಾಗೇ ನಿಂತಿತು ಎಂದರು. ತೋಟದವರು ಮಾತ್ರ ಸುಮ್ಮನೆ ನಿಂತು ನೋಡಿ, "ಎಷ್ಟು ಚೆಂದ ಇದೆಯಲ್ಲ ಆ ಹಸಿರು," ಎಂದರು. ಅವರೊಬ್ಬರ ಮಾತಿಗೆ ಮೇಷ್ಟ್ರು ನಕ್ಕರು.

ಕೊನೆಗೆ ಬಡಗಿ ಮೇಷ್ಟ್ರಿಗೆ ಹೊಳೆಯಿತು. "ಆ ಕಡೆ ರಸ್ತೆಯಲ್ಲಿ ಭಾರದ ಲಾರಿ ಹೋದ್ರೆ ಗೆರೆ ಕುಣಿಯುತ್ತೆ ಅಲ್ವೇನ್ರೀ? ಲಾರಿ ಯಾಕೆ ಬೇಕು, ನಾವೇ ಹನ್ನೆರಡು ಜನ ಇದ್ದೀವಿ. ಎಲ್ಲರೂ ಒಟ್ಟಿಗೆ ಹಾರೋಣ. ಒಳಗೆ ಎಲ್ಲೋ ಹಿಡ್ಕೊಂಡಿರೋದು ಬಿಟ್ಕೊಳ್ಳುತ್ತೆ."

ಓರೆ ಮೇಷ್ಟ್ರು ಬೇಡ ಬೇಡ ಎನ್ನುವಷ್ಟರಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಸಾಲಾಗಿ ನಿಂತಾಗಿತ್ತು. ಪ್ರಾಂಶುಪಾಲರೂ ಬಂದು ಸೇರಿಕೊಂಡರು. ಆದೇಶ ಕೊಟ್ಟವರು ಹಿಂದುಳಿಯಬಾರದಲ್ಲ. "ಒಂದು," ಎಂದರು ಬಡಗಿ ಮೇಷ್ಟ್ರು. ಎಲ್ಲರೂ ಹಾರಿ ನೆಲಕ್ಕೆ ಬಿದ್ದರು. ಕಿಟಕಿ ಗಾಜು ಗಡಗಡ ಎಂದಿತು. "ಎರಡು." ಕೆಳಗಿನ ಅಂತಸ್ತಿನಲ್ಲಿ ನಕ್ಷೆ ಬರೆಯುತ್ತಿದ್ದ ತರಗತಿಯಿಂದ ಯಾರೋ ಕೂಗಿದರು. "ಮೂರು."

ಮೂರನೆಯ ಸಲ ಹಾರಿದವರು ಇನ್ನೂ ಗಾಳಿಯಲ್ಲಿದ್ದಾಗಲೇ ಬಾಗಿಲಲ್ಲಿ ನಿಂತಿದ್ದ ಹೆಂಗಸನ್ನು ಕಂಡರು. ಕೆಳಗೆ ಇಳಿಯುವುದು ಅನಿವಾರ್ಯವಾದ್ದರಿಂದ ಇಳಿದರು.

ಐವತ್ತರ ಆಸುಪಾಸು. ಸಾದಾ ಬಟ್ಟೆ, ಭುಜಕ್ಕೆ ತುಂಬಿದ ಚೀಲ, ಕೈಯಲ್ಲಿ ಕೊಡೆ. "ನಾನು ಪರಿಶೀಲಕಿ," ಎಂದರು ಅವರು. "ಬಸ್ಸು ಬೇಗ ಸಿಕ್ತು. ವ್ಯಾಯಾಮದ ಹೊತ್ತಾದ್ರೆ ಹೊರಗೆ ಕೂತಿರ್ತೀನಿ."

ಹನ್ನೆರಡು ಜನರೂ ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದರು. ಪ್ರಾಂಶುಪಾಲರು ಏದುಸಿರು ಬಿಡುತ್ತಲೇ ಹೂಗುಚ್ಛ ಕೊಟ್ಟರು, ಎಡಗಾಲಿಗೆ ಬೆರಳಚ್ಚಿನವರ ಚಪ್ಪಲಿ ಹಾಕಿಕೊಂಡು.

ಪರಿಶೀಲಕಿ ದೊಡ್ಡಪ್ಪನ ಮುಂದೆ ಸ್ಟೂಲು ಎಳೆದುಕೊಂಡು ಕುಳಿತರು. ಅವರ ಬೆರಳುಗಳು ಗುಂಡಿಗಳ ಮೇಲೆ ಓಡಾಡಿದ್ದನ್ನು ನೋಡಿ ಓರೆ ಮೇಷ್ಟ್ರಿಗೆ ಅರ್ಥವಾಯಿತು. ಇವರು ಬಲ್ಲವರು, ಇವರ ಹತ್ತಿರ ಮುಚ್ಚುಮರೆ ನಡೆಯದು.

"ಗೆರೆ ನೆಟ್ಟಗಿದೆಯಲ್ಲ ಮೇಷ್ಟ್ರೇ."

"ಹೌದಮ್ಮ. ಇವತ್ತು ನೆಟ್ಟಗಿದೆ. ಆರು ವರ್ಷದಿಂದ ಇರ್ಲಿಲ್ಲ. ಯಾಕೆ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ. ಸುಳ್ಳು ಹೇಳೋಕೆ ಬರಲ್ಲ, ಆದ್ರೆ ಇವತ್ತು ನಿಜ ಹೇಳಿದ್ರೂ ಸುಳ್ಳಿನ ಹಾಗೇ ಕೇಳಿಸ್ತಿದೆ."

ಪರಿಶೀಲಕಿ ಅವರ ವಾಲಿದ ಕತ್ತನ್ನು ಒಂದು ಕ್ಷಣ ನೋಡಿದರು. ನಂಬಿದರೋ ಇಲ್ಲವೋ, ಅವಸರ ಮಾಡಲಿಲ್ಲ. ಒಂದು ಗಂಟೆ ಕಾಯ್ದು ನೋಡುವೆನೆಂದರು. ಅಜ್ಜಿ ತಂದ ಚಹಾ ಕುಡಿದರು. ಎಲ್ಲರೂ ಗೋಡೆಗೆ ಒರಗಿ ಗೆರೆಯನ್ನು ದಿಟ್ಟಿಸಿದರು. ಇಷ್ಟು ಜನ ಇಷ್ಟು ಹೊತ್ತು ಒಂದು ಗೆರೆ ಡೊಂಕಾಗಲಿ ಎಂದು ಹಾರೈಸಿದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಗೆರೆ ಮಾತ್ರ ಹಠ ಹಿಡಿದ ಮಗುವಿನಂತೆ ಅಲ್ಲೇ ಇತ್ತು.

ಗಂಟೆ ಮೂರಾಯಿತು. ಪರಿಶೀಲಕಿ ನಿಟ್ಟುಸಿರಿಟ್ಟು ಚೀಲದಿಂದ ನಮೂನೆಯ ಹಾಳೆ ತೆಗೆದರು. "ನನಗೂ ಬೇಜಾರಾಗ್ತಿದೆ. ಕಾಣದ ದೋಷವನ್ನ ಕಂಡೆ ಅಂತ ಬರೆಯೋಕಾಗಲ್ಲ. ನಿಮ್ಮ ಏಳು ಅರ್ಜಿಗಳ ಪ್ರತಿ ಇದ್ರೆ ಕೊಡಿ, ಇದರ ಜೊತೆ ಸೇರಿಸ್ತೀನಿ. ಒಂದು ಪೆನ್ನು, ಒಂದು ಗುಂಡುಸೂಜಿ."

ಅಜ್ಜಿ ಓಡಿದರು. ಪ್ರಾಂಶುಪಾಲರ ಕೋಣೆಯಿಂದ ಪೆನ್ನುಗಳ ಸಮೇತ ಲೋಹದ ಪೆನ್‌ಸ್ಟ್ಯಾಂಡನ್ನೇ ಎತ್ತಿ ತಂದು ಮೇಜಿನ ಮೇಲಿಟ್ಟರು. ಬೀರುವಿನಿಂದ ಗುಂಡುಸೂಜಿ ಡಬ್ಬಿ ತೆಗೆದು, ಆರು ವರ್ಷದಿಂದ ಅದು ಎಲ್ಲಿರುತ್ತಿತ್ತೋ ಅಲ್ಲಿಗೆ, ದೊಡ್ಡಪ್ಪನ ತಲೆಯ ಬಲಮೂಲೆಗೆ ಇಟ್ಟರು.

ಗೆರೆ ಓರೆಯಾಯಿತು.

ಎಡಗಡೆ ತಗ್ಗು, ಬಲಗಡೆ ಉಬ್ಬು, ತುದಿಯಲ್ಲಿ ಅದೇ ಮೀಸೆಯ ಕೊಂಕು.

"ಬಂತು," ಎಂದರು ಬಡಗಿ ಮೇಷ್ಟ್ರು, ದೇವರೇ ಬಂದನೆಂಬಷ್ಟು ಮೆಲ್ಲಗೆ. ಆಮೇಲೆ ಎಲ್ಲರೂ ಒಟ್ಟಿಗೆ ಬಂತು ಬಂತು ಎಂದು ಕೈ ಹಿಡಿದು ಕುಲುಕಿಕೊಂಡರು. ಪ್ರಾಂಶುಪಾಲರ ಕೈ ತಾನಾಗಿ ಜೇಬಿನಲ್ಲಿದ್ದ ಭಾಷಣವನ್ನು ಮುಟ್ಟಿ ನೋಡಿತು. ಓರೆ ಮೇಷ್ಟ್ರ ಕಣ್ಣು ಮಂಜಾಯಿತು. ಕಳೆದುಹೋಗಿದ್ದ ಹಸು ಹಟ್ಟಿಗೆ ಬಂದವರಂತೆ ಅವರು ದೊಡ್ಡಪ್ಪನ ಬೆನ್ನು ಸವರಿದರು. "ನೋಡಿ ಅಮ್ಮ. ಇದೇ. ನಾನು ಹೇಳಿದ್ದು ಇದೇ."

"ಹೌದು, ಕಣ್ಣಾರೆ ಕಂಡೆ," ಎಂದು ಪರಿಶೀಲಕಿಯೂ ನಕ್ಕರು. ನಮೂನೆಯಲ್ಲಿ 'ದೋಷ ಕಂಡಿದೆ' ಎಂಬಲ್ಲಿ ಗುರುತು ಹಾಕಿದರು. ಸಹಿಯನ್ನೂ ಮಾಡಿದರು. ಅರ್ಜಿಗಳನ್ನು ಜೋಡಿಸಿ, ಸೂಜಿಗಾಗಿ ಡಬ್ಬಿಯನ್ನು ಕೈಗೆತ್ತಿಕೊಂಡರು.

ಗೆರೆ ನೆಟ್ಟಗಾಯಿತು.

ಕುಲುಕುತ್ತಿದ್ದ ಕೈಗಳು ಅರ್ಧದಲ್ಲೇ ನಿಂತವು. ಪರಿಶೀಲಕಿ ಡಬ್ಬಿಯನ್ನು ಮತ್ತೆ ಅದರ ಜಾಗದಲ್ಲಿಟ್ಟರು. ಗೆರೆ ಓರೆಯಾಯಿತು. ಎತ್ತಿದರು. ನೆಟ್ಟಗಾಯಿತು. ಬಲದಿಂದ ಎಡಕ್ಕೆ ಸಾಗಿಸಿದರು. ಗೆರೆ ಸೂರ್ಯನ ಹಿಂದೆ ತಿರುಗುವ ಹೂವಿನಂತೆ ಡಬ್ಬಿಯ ಹಿಂದೆ ವಾಲುತ್ತ ಹೋಯಿತು.

ಅವರು ಡಬ್ಬಿಯನ್ನು ತಲೆಕೆಳಗಾಗಿ ಹಿಡಿದರು. ಒಂದು ಸೂಜಿಯೂ ಬೀಳಲಿಲ್ಲ. ಮುಚ್ಚಳದ ಒಳಗೆ ದಪ್ಪನೆಯ ಅಯಸ್ಕಾಂತದ ಬಿಲ್ಲೆ. ಸೂಜಿಗಳೆಲ್ಲ ಅದಕ್ಕೆ ಜೇನುಹುಳುಗಳಂತೆ ಕಚ್ಚಿಕೊಂಡಿದ್ದವು.

"ಈ ಡಬ್ಬಿ ಯಾರದು ಮೇಷ್ಟ್ರೇ?"

"ನಂದೇ." ಓರೆ ಮೇಷ್ಟ್ರ ದನಿ ಬಾವಿಯ ತಳದಿಂದ ಬಂದಂತಿತ್ತು. "ಅತ್ಯುತ್ತಮವಾಗಿ ಕಾಪಾಡಿದ ಪ್ರಯೋಗಶಾಲೆ ಅಂತ ಬಹುಮಾನ ಬಂತು. ಆರು ವರ್ಷದ ಹಿಂದೆ."

"ಅರ್ಜಿಗಳಿಗೆಲ್ಲ ಸೂಜಿ ಚುಚ್ಚಿದ್ದು?"

"ಇದರದೇ. ಏಳಕ್ಕೂ."

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ," ಎಂದು ಅಜ್ಜಿ ಯಾರಿಗೂ ನೋವಾಗದ ಹಾಗೆ ತಮ್ಮಷ್ಟಕ್ಕೆ ಹೇಳಿಕೊಂಡರು.

ಪರಿಶೀಲಕಿ ಹುಬ್ಬು ಗಂಟಿಕ್ಕಿ ಯಂತ್ರವನ್ನು ನೋಡುತ್ತಿದ್ದರು. "ಆದ್ರೂ ಇಷ್ಟು ಚಿಕ್ಕ ಕಾಂತಕ್ಕೆ ಇಷ್ಟು ಬಾಗಬಾರ್ದು. ಈ ಮಾದರಿಯಲ್ಲಿ ಗಾಜಿನ ನಾಳಕ್ಕೆ ಒಂದು ಲೋಹದ ಕವಚ ಇರುತ್ತೆ, ಕಾಂತ ಒಳಗೆ ಬರದ ಹಾಗೆ. ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಕೊಳವೆ ಥರ. ನೋಡೋಕೆ ಹೇಗಿರುತ್ತೆ ಅಂದ್ರೆ..." ಹೋಲಿಕೆ ಹುಡುಕುತ್ತ ಅವರ ಕಣ್ಣು ಮೇಜಿನ ಮೇಲೆ ಬಿತ್ತು. "ಈ ಪೆನ್‌ಸ್ಟ್ಯಾಂಡ್ ಥರ ಇರುತ್ತೆ." ಅದನ್ನು ಎತ್ತಿ ತಿರುಗಿಸಿ ನೋಡಿದರು. "ಥರ ಅಲ್ಲ. ಇದೇ."

ಎಲ್ಲರೂ ಬಡಗಿ ಮೇಷ್ಟ್ರ ಕಡೆ ತಿರುಗಿದರು. ಬಡಗಿ ಮೇಷ್ಟ್ರು ಫ್ಯಾನಿನ ಕಡೆ ತಿರುಗಿದರು.

"ಆ ಬಹುಮಾನದ ವರ್ಷ ದೊಡ್ಡಪ್ಪನಿಗೆ ಬಣ್ಣ ಹೊಡೆಯೋಕೆ ಬಿಚ್ಚಿದ್ದೆ," ಎಂದರು ಫ್ಯಾನಿಗೆ. "ಇವರಿಗೆ ಆಗ ಹುಷಾರಿರ್ಲಿಲ್ಲ, ರಜೆಯಲ್ಲಿದ್ರು. ಮತ್ತೆ ಜೋಡಿಸಿದಾಗ ಒಂದು ಕೊಳವೆ ಉಳೀತು. ಯಾವ ಯಂತ್ರ ಬಿಚ್ಚಿದ್ರೂ ಒಂದು ಉಳಿಯುತ್ತೆ ಬಿಡಿ. ಒಳ್ಳೇ ಲೋಹ, ಎಸೆಯೋಕೆ ಮನಸ್ಸು ಬರ್ಲಿಲ್ಲ. ಅರ್ಧಕ್ಕೆ ಕತ್ತರಿಸಿ ತಳಕ್ಕೆ ಹಲಗೆ ಬಡಿದೆ. ಸಾರ್‌ಗೆ ಹುಟ್ಟಿದ ದಿನಕ್ಕೆ ಕೊಟ್ಟೆ."

"ತುಂಬಾ ಅನುಕೂಲವಾಗಿದೆ," ಎಂದರು ಪ್ರಾಂಶುಪಾಲರು.

ಓರೆ ಮೇಷ್ಟ್ರು ಸಿಟ್ಟಾಗಬಹುದಿತ್ತು. ಆದರೆ ಬಡಗಿ ಮೇಷ್ಟ್ರ ಕಿವಿ ಕೆಂಪಾದದ್ದು ಕಂಡು ಅವರಿಗೆ ಪಾಪ ಎನಿಸಿತು. ಇಪ್ಪತ್ತೈದು ವರ್ಷ ಸರಿಯಾಗಿದ್ದ ಯಂತ್ರವನ್ನು ತಾವು ಅದಕ್ಕೆ ಮೊದಲು ಒಮ್ಮೆಯೂ ಬಿಚ್ಚಿರಲಿಲ್ಲ. ಒಳಗೆ ಏನಿತ್ತು, ಏನಿಲ್ಲ ಎಂದು ತಿಳಿಯುವುದಾದರೂ ಹೇಗೆ? "ಬಣ್ಣ ಚೆನ್ನಾಗಿ ಹೊಡೆದಿದ್ರಿ," ಎಂದರು. "ಇನ್ನೂ ಉದುರಿಲ್ಲ."

ಪರಿಶೀಲಕಿ ನಮೂನೆಯ ಹಾಳೆಯನ್ನು ಮಡಿಸಿ ಅಡ್ಡಡ್ಡ ಹರಿದರು. ಆಮೇಲೆ ದೊಡ್ಡಪ್ಪನ ಹಿಂಭಾಗಕ್ಕೆ ಹೋಗಿ, ಹೊದಿಕೆ ಸರಿಸಿ, ಕೆಂಪು ಗುರುತಿನ ಮೇಲೆ ಬೆರಳಿಟ್ಟರು.

"ನಾಳ ಒಂದು ಕೂದಲೆಳೆ ತಿರುಗಿಸಿದ್ರೆ ನನ್ನನ್ನ ಏಮಾರಿಸಬಹುದಿತ್ತು. ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮ."

"ಮತ್ತೆ?"

ಓರೆ ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಬಡಗಿ ಮೇಷ್ಟ್ರು ಹೇಳಿದರು. "ನಾನೇ ಹೇಳಿಕೊಟ್ಟೆ. ಒಪ್ಪಲಿಲ್ಲ. ಬೆಣೆ ಕೂಡ ತೆಗೆಸಿದ್ರು."

ಪರಿಶೀಲಕಿ ಬಗ್ಗಿ ಯಂತ್ರದೊಳಗೆ ಇಣುಕಿದರು. "ಕೆಲಸಕ್ಕೆ ಸೇರಿದಾಗಿನಿಂದ ಯಂತ್ರಗಳನ್ನ ನೋಡ್ತಿದ್ದೀನಿ. ಒಳಗೆ ಒಂದು ಎಳೆ ಧೂಳಿಲ್ಲದ ಹಳೇ ಯಂತ್ರ ಇದೊಂದೇ ಕಂಡದ್ದು. ನಾನು ಕಲಿತದ್ದೂ ಇದೇ ಮಾದರಿಯಲ್ಲಿ. ಇಷ್ಟು ಚೆನ್ನಾಗಿರೋದಕ್ಕೆ ಬದಲಿ ಕೊಡೋಕೆ ನನ್ನ ಕೈಲಿ ಆಗಲ್ಲ ಮೇಷ್ಟ್ರೇ. ಆದ್ರೆ ಬರಿಗೈಲಿ ಹೋಗೋಕೂ ಮನಸ್ಸಿಲ್ಲ. ಈ ವರ್ಷದ ಅತ್ಯುತ್ತಮವಾಗಿ ಕಾಪಾಡಿದ ಪ್ರಯೋಗಶಾಲೆ ಇದೇ ಅಂತ ಬರೆದು ಹೋಗ್ತೀನಿ."

ಬರೆದರು. ಸಾಕ್ಷ್ಯಕ್ಕೆ ಬೇಕೆಂದು ಹಳೆಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಅವರ ಕೊಡೆಯ ಕಡ್ಡಿಗಳು ತಕ್ಷಣ ಚೀಲಕ್ಕೆ ಅಂಟಿಕೊಂಡವು. ಹೋಗುವಾಗ ಹೂಗುಚ್ಛವನ್ನು ಅಜ್ಜಿಯ ಕೈಗಿತ್ತು, "ಆ ವಸ್ತ್ರ ನೀವೇ ಹೆಣೆದದ್ದಾ? ಅಂಚು ಬಹಳ ಚೆನ್ನಾಗಿ ಬಂದಿದೆ," ಎಂದರು. ಅಜ್ಜಿ ಸಂಜೆಯವರೆಗೂ ಆ ಹೂವನ್ನು ಒಂದು ಕೈಯಲ್ಲಿ, ಪೊರಕೆಯನ್ನು ಇನ್ನೊಂದು ಕೈಯಲ್ಲಿ ಹಿಡಿದೇ ಓಡಾಡಿದರು.

ಪ್ರಾಂಶುಪಾಲರಿಗೆ ಭಾಷಣ ಜೇಬಿನಲ್ಲಿ ಚುಚ್ಚುತ್ತಿತ್ತು. ಸಮಾರಂಭವೊಂದು ಆಗಲೇಬೇಕಿತ್ತು. "ಬಹುಮಾನ ಯಾಕೆ ತಡ ಮಾಡೋದು? ನಮ್ಮ ಹತ್ರಾನೇ ಇದೆ," ಎಂದು ಐದು ನಿಮಿಷದಲ್ಲಿ ಹಿಂದಿರುಗಿ ಬಂದರು. ಹೊಸ ಯಂತ್ರ ಎಂದಿದ್ದ ಕಡೆಯೆಲ್ಲ ನಮ್ಮ ಮೇಷ್ಟ್ರು ಎಂದು ಬದಲಿಸಿ ಪೂರ್ತಿ ಭಾಷಣ ಓದಿದರು. ಹನ್ನೆರಡು ಜನರೂ ಚಪ್ಪಾಳೆ ತಟ್ಟಿದರು. ಭಾಷಣದಲ್ಲಿ "ಇದರ ಹೊಳೆಯುವ ಗಾಜು, ಇದರ ಹದಿನೆಂಟು ಗುಂಡಿಗಳು" ಎಂಬಲ್ಲಿ ಮಾತ್ರ ಸ್ವಲ್ಪ ಗೊಂದಲವಾಯಿತು.

ಎಲ್ಲರೂ ಹೋದ ಮೇಲೆ ಓರೆ ಮೇಷ್ಟ್ರು ಬಹುಮಾನದ ಪೆಟ್ಟಿಗೆಯನ್ನು ನೋಡಿದರು. ರಟ್ಟಿನ ಪೆಟ್ಟಿಗೆ, ಅಂಗೈಯಷ್ಟು. ಮೇಲೆ ಅಂಟುಪಟ್ಟಿ, ಯಾರೂ ಮುಟ್ಟಿರಲಿಲ್ಲ. ಅವರು ಚಾಕು ತಂದು, ಆತುರಪಡದೆ, ಪಟ್ಟಿಯನ್ನು ತುದಿಯಿಂದ ತುದಿಗೆ ಕತ್ತರಿಸಿದರು. ಮುಚ್ಚಳ ಎತ್ತಿ ಮೂಗಿಗೆ ಹಿಡಿದರು. ಹೊಸ ವಾಸನೆ. ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ಕಣ್ಣು ಮುಚ್ಚಿ ಎರಡು ಸಲ ಎಳೆದುಕೊಂಡರು.

ಒಳಗೆ ಗುಂಡುಸೂಜಿ ಡಬ್ಬಿಯಿತ್ತು. ಪ್ರಾಂಶುಪಾಲರು ಆರು ವರ್ಷದ ಹಿಂದೆ ಒಂದು ಡಜನ್ ತರಿಸಿದ್ದರಂತೆ. ಮೊದಲನೆಯದರ ಪೆಟ್ಟಿಗೆಯನ್ನು ಮೇಷ್ಟ್ರು ರಜೆಯಲ್ಲಿದ್ದಾಗ ಬೇರೆಯವರು ಬಿಚ್ಚಿದ್ದರು. ಇನ್ನೂ ಹತ್ತು ಉಳಿದಿದ್ದವು.

ರಟ್ಟಿನ ಪೆಟ್ಟಿಗೆಯನ್ನು ಅವರು ಹೆಂಡತಿಗೆಂದು ಜೋಪಾನವಾಗಿ ಚೀಲದಲ್ಲಿಟ್ಟುಕೊಂಡರು. ರಜಾಯಿ ಹಿಡಿಸದಿದ್ದರೆ ಒಂದು ಕರವಸ್ತ್ರವಾದರೂ ಹಿಡಿಸೀತು. ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಮೇಲಿನ ಜೇಬಿಗೆ ಹಾಕಿಕೊಂಡು, ದೊಡ್ಡಪ್ಪನ ಗುಂಡಿ ಆರಿಸಲು ಬಗ್ಗಿದರು.

ದಿನವಿಡೀ ಯಾರ ಮಾತಿಗೂ, ಯಾರ ಗುದ್ದಿಗೂ ಜಗ್ಗದಿದ್ದ ಹಸಿರು ಗೆರೆ, ಅವರು ಹತ್ತಿರ ಬರುತ್ತಿದ್ದಂತೆ ಮೆಲ್ಲಗೆ ಅವರ ಕಡೆಗೆ ತಲೆಬಾಗಿತು. ಮೇಷ್ಟ್ರ ಕತ್ತೂ, ಅಭ್ಯಾಸಬಲದಿಂದ, ಅದರ ಜೊತೆಗೇ ವಾಲಿತು.